ಅಲಗು ಉಜ್ಜಿದವರು

ಹಳೆಯ ಆಯುಧಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಕಡೆ ಹೋದಾಗಲೆಲ್ಲ ನಾನು ಪಕ್ಕದ ಚೀಟಿಯನ್ನು ಬಿಡದೆ ಓದುತ್ತೇನೆ. ಇಂಥ ಅರಸನ ಕಾಲದ ಖಡ್ಗ, ಇಷ್ಟು ಉದ್ದ, ಇಷ್ಟು ತೂಕ ಎಂದು ಅದರಲ್ಲಿ ಇರುತ್ತದೆ. ಒಮ್ಮೊಮ್ಮೆ ಮಾಡಿದ ಊರಿನ ಹೆಸರೂ ಇರುತ್ತದೆ. ಅದನ್ನು ಉಜ್ಜಿ ಹೊಳಪು ಬರಿಸಿದವರು ಯಾರೆಂಬುದನ್ನು ಮಾತ್ರ ನಾನು ಒಂದು ಚೀಟಿಯಲ್ಲೂ ಕಂಡಿಲ್ಲ. ಕಮ್ಮಾರಸಾಲೆಯಿಂದ ಬಂದ ಕಬ್ಬಿಣ ತಾನಾಗಿ ಹೊಳೆಯುವುದಿಲ್ಲ ಎಂಬುದು ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಗೊತ್ತು. ಅದು ಕರ್ರಗೆ, ಸುತ್ತಿಗೆಯ ಪೆಟ್ಟಿನ ತಗ್ಗುದಿನ್ನೆಗಳನ್ನು ಮೈತುಂಬ ಹೊತ್ತುಕೊಂಡು ಬರುತ್ತದೆ. ಹೊಳೆಯಬೇಕಾದರೆ ಯಾರೋ ಒಬ್ಬರು ಕೂತು ಗಂಟೆಗಟ್ಟಲೆ ಉಜ್ಜಿರಲೇಬೇಕು. ಕಬ್ಬಿಣ ಕಾದಾಗಲೇ ಬಡಿಯಬೇಕು ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ತಣ್ಣಗಾದ ಮೇಲೆ ಉಜ್ಜುವವರ ಬಗ್ಗೆ ಗಾದೆಯೊಂದನ್ನು ನಾನು ಕೇಳಿಲ್ಲ.

ನಾನು ಬೆಳೆದದ್ದು ಹಾವೇರಿಯಲ್ಲಿ. ಆಗ ಅದು ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಮನೆಯಲ್ಲಿ ಉಜ್ಜುವ ಕೆಲಸ ಸೋದರತ್ತೆಯದು. ಬ್ಯಾಡಗಿಗೆ ಕೊಟ್ಟ ಹೆಣ್ಣುಮಗಳು ಆಕೆ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಮತ್ತು ಒಂದು ಈಳಿಗೆ ಹಿಡಿದುಕೊಂಡು ತವರಿಗೆ ಬಂದಳು. ಬಂಗಾರ ಬಿಟ್ಟು ಈಳಿಗೆ ಯಾಕೆ ತಂದಿ ಎಂದು ಓಣಿಯವರು ಕೇಳಿದರೆ, "ಬಂಗಾರ ಅವರು ಇಟಗೊಂಡ್ರು. ಇದು ನನ್ನ ಕೈಯಾಗ ಪಳಗಿದ್ದು, ಇದನ್ನ್ಯಾಕ ಬಿಡ್ಲಿ?" ಎನ್ನುತ್ತಿದ್ದಳು.

ಮಲೆನಾಡಿನವರು ಮೆಟ್ಟುಗತ್ತಿ ಎನ್ನುತ್ತಾರಲ್ಲ, ನಮ್ಮ ಈಳಿಗೆಯೂ ಅದೇ ಜಾತಿಯದು. ಮರದ ಮಣೆಗೆ ಕೂರಿಸಿದ ಬಾಗಿದ ಅಲಗು. ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂತರೆ ಎರಡೂ ಕೈ ಖಾಲಿ. ಚಾಕುವಿನಲ್ಲಿ ಅಲಗು ಕಾಯಿಪಲ್ಲೆಯ ಹತ್ತಿರ ಹೋಗುತ್ತದೆ, ಈಳಿಗೆಯಲ್ಲಿ ಕಾಯಿಪಲ್ಲೆಯೇ ಅಲಗಿನ ಹತ್ತಿರ ಬರುತ್ತದೆ. ಹೀಗಾಗಿ ಇದನ್ನು ಉಜ್ಜುವ ರೀತಿಯೂ ಬೇರೆ. ಚಾಕುವನ್ನು ಕಲ್ಲಿನ ಮೇಲೆ ಆಡಿಸಬಹುದು. ಈಳಿಗೆ ಅಲುಗುವುದಿಲ್ಲ, ಕಲ್ಲನ್ನೇ ಅದರ ಮೈಮೇಲೆ ಆಡಿಸಬೇಕು.

ಅತ್ತೆಯ ಸಾಮಾನು ಹೆಚ್ಚೇನೂ ಇರಲಿಲ್ಲ. ಒಂದು ಒರಟು ಮಸೆಗಲ್ಲು, ಹೊಳೆಯ ದಂಡೆಯಿಂದ ತಂದ ಒಂದು ನುಣ್ಣನೆಯ ಕಲ್ಲು, ಹಳೆಯ ಇಟ್ಟಂಗಿ ಕುಟ್ಟಿ ಸೀರೆಯ ಚೂರಿನಲ್ಲಿ ಸೋಸಿದ ಪುಡಿ, ಭತ್ತದ ಹೊಟ್ಟಿನ ಬೂದಿ, ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣು, ಒಂದು ಹಿಡಿ ತೆಂಗಿನ ನಾರು, ಒಂದು ತುಂಡು ತೊಗಲು. ಮೊದಲು ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಅಲಗಿಗೆ ಮೆತ್ತುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ತುಕ್ಕು ಸಡಿಲವಾಗುತ್ತಿತ್ತು. ನಾರಿನಿಂದ ತಿಕ್ಕಿ ತೊಳೆಯುವುದು. ಆಮೇಲೆ ಒರಟು ಕಲ್ಲನ್ನು ನೀರಲ್ಲಿ ಅದ್ದಿ ಅಲಗಿನ ಉದ್ದಕ್ಕೆ ಉಜ್ಜುವುದು, ಸುತ್ತಿಗೆಯ ತಗ್ಗುಗಳು ಮಾಯವಾಗುವ ತನಕ. ಅನಂತರ ನುಣ್ಣನೆಯ ಕಲ್ಲಿನಿಂದ ಅಡ್ಡಕ್ಕೆ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ. ಮತ್ತೆ ಇಟ್ಟಂಗಿ ಪುಡಿಯನ್ನು ಎಣ್ಣೆಯಲ್ಲಿ ಕಲಸಿ, ಮರದ ತುಂಡಿಗೆ ಸುತ್ತಿದ ಬಟ್ಟೆಗೆ ಹಚ್ಚಿ ಉದ್ದಕ್ಕೆ. ಕೊನೆಗೆ ಹೊಟ್ಟಿನ ಬೂದಿಯನ್ನು ತೊಗಲಿಗೆ ಹಾಕಿ ಅಡ್ಡಕ್ಕೆ.

ಹೀಗೆ ಒಮ್ಮೆ ಉದ್ದ ಒಮ್ಮೆ ಅಡ್ಡ ಯಾಕೆ ಎಂದು ನಾನು ಕೇಳಿದಾಗ ಆಕೆ ಹೇಳಿದ್ದು ಇಂದಿಗೂ ನೆನಪಿದೆ. "ಒಂದ ದಿಕ್ಕಿಗೆ ಉಜ್ಜಿದ್ರ ಹಳೇ ಗೀರು ಯಾವುದು, ಹೊಸಾ ಗೀರು ಯಾವುದು ಹೆಂಗ ಗೊತ್ತಾಗಬೇಕವ್ವಾ? ಅಡ್ಡ ಉಜ್ಜಿದಾಗ ಉದ್ದನ್ನ ಗೀರು ಒಂದೂ ಕಾಣಬಾರದು. ಕಂಡ್ರ ಮುಂದಿನ ಕಲ್ಲು ಮುಟ್ಟಬ್ಯಾಡ." ಪ್ರತಿ ಹಂತದ ನಡುವೆ ಕೈ, ಬಟ್ಟೆ, ಅಲಗು ಎಲ್ಲವನ್ನೂ ತೊಳೆಯಬೇಕಿತ್ತು. ಒರಟು ಕಲ್ಲಿನ ಒಂದು ಕಾಳು ಉಸುಕು ನುಣ್ಣನೆಯ ಹಂತಕ್ಕೆ ಬಂದರೂ ಎರಡು ದಿನದ ಕೆಲಸ ಹಾಳು. ಇನ್ನೊಂದು ಕಟ್ಟಪ್ಪಣೆ: ಕೈ ಯಾವಾಗಲೂ ಬೆನ್ನಿನ ಕಡೆಯಿಂದ ಬಾಯಿ ದಾಟಿ ಹೊರಗೆ ಹೋಗಬೇಕು, ಬಾಯಿಗೆ ಎದುರಾಗಿ ಒಳಗೆ ಬರಬಾರದು. ಊಟದ ಪಾತ್ರೆ ತೊಳೆದು ಮನೆಮಂದಿ ಮಲಗಿದ ಮಧ್ಯಾಹ್ನಗಳಲ್ಲಿ ಈ ಕೆಲಸ ನಾಲ್ಕೈದು ದಿನ ಹಿಡಿಯುತ್ತಿತ್ತು. ಮುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಕುಸುಬಿ ಎಣ್ಣೆ ತೆಳ್ಳಗೆ ಸವರಿ ಗೋಡೆಗೆ ಆನಿಸಿಡುವಳು.

ಶಾಲೆಯ ಮುಖ ಕಾಣದ ಅತ್ತೆ ಮಾಡುತ್ತಿದ್ದುದರಲ್ಲಿ ಎಷ್ಟು ಶಾಸ್ತ್ರವಿತ್ತೆಂಬುದು ನನಗೆ ತಿಳಿದದ್ದು ದೊಡ್ಡವಳಾಗಿ ಪುಸ್ತಕ ಓದಿದ ಮೇಲೆ. ಉಜ್ಜುವುದೆಂದರೆ ದೊಡ್ಡ ಗೀರುಗಳನ್ನು ಸಣ್ಣ ಗೀರುಗಳಿಂದ ಅಳಿಸುತ್ತ ಹೋಗುವುದು. ಕಣ್ಣಿಗೆ ಕಾಣದಷ್ಟು ಸಣ್ಣವಾದಾಗ ಅದನ್ನು ನಾವು ಹೊಳಪು ಎನ್ನುತ್ತೇವೆ. ಗೀರಿನಲ್ಲಿ ನೀರು ನಿಲ್ಲುತ್ತದೆ, ನಿಂತ ಕಡೆ ತುಕ್ಕು ಹಿಡಿಯುತ್ತದೆ. ಆದ್ದರಿಂದ ನುಣ್ಣನೆಯ ಅಲಗಿಗೆ ಬಾಳಿಕೆ ಹೆಚ್ಚು. ಬದನೆಕಾಯಿ, ಮಾವಿನಕಾಯಿ ಹೆಚ್ಚಿದರೂ ಬೇಗ ಕರ್ರಗಾಗುವುದಿಲ್ಲ. ಹುಣಸೆಹಣ್ಣಿನ ಹುಳಿ ತುಕ್ಕನ್ನು ಕರಗಿಸುತ್ತದೆ. ಭತ್ತದ ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ, ಅಂದರೆ ಉಸುಕಿನ ಜಾತಿಯ ವಸ್ತುವೇ, ಆದರೆ ಬಹಳ ನಯವಾದದ್ದು. ಇಟ್ಟಂಗಿಗೆ ಕೆಂಪು ಬಣ್ಣ ಬಂದಿರುವುದೇ ಕಬ್ಬಿಣದ ತುಕ್ಕಿನಿಂದ. ಒಡವೆಗೆ ಮೆರುಗು ಕೊಡಲು ಬಳಸುವ ರೂಜ್ ಎಂಬ ಕೆಂಪು ಪುಡಿಯೂ ನುಣ್ಣಗೆ ಅರೆದ ತುಕ್ಕೇ. ಮುಳ್ಳಿನಿಂದ ಮುಳ್ಳು ತೆಗೆದಂತೆ, ಕಬ್ಬಿಣವನ್ನು ಕೆಡಿಸುವ ತುಕ್ಕೇ ಅದಕ್ಕೆ ಹೊಳಪನ್ನೂ ಕೊಡುತ್ತದೆ.

ಇಷ್ಟೆಲ್ಲ ಉಜ್ಜಿದ್ದು ಮೆರೆಯುವ ದಿನವೊಂದಿತ್ತು: ಮಹಾನವಮಿಯ ಖಂಡೆಪೂಜೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ ನಡೆಯುವುದೂ ಈ ಹಬ್ಬದಲ್ಲೇ. ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿ, ಕೊಡಲಿ, ಕುಡುಗೋಲು, ಕುಂಟೆಯ ಕುಡ, ಅಜ್ಜನ ಕಾಲದ ಒಂದು ಕತ್ತಿ, ಎಲ್ಲ ಸಾಲಾಗಿ ಇಡುತ್ತಿದ್ದರು. ಈಳಿಗೆಗೆ ಕೊನೆಯ ಜಾಗ. ಎಲ್ಲವನ್ನೂ ಉಜ್ಜಿ ಥಳಥಳ ಎನಿಸಿದವಳು ಅತ್ತೆ. ಆದರೆ ಕುಂಕುಮ ಹಚ್ಚುವ ಹೊತ್ತಿಗೆ ಆಕೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಹೋಗೆಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಗಂಡ ಸತ್ತವಳ ಕೈ ಉಜ್ಜಲಿಕ್ಕೆ ಆಗುತ್ತಿತ್ತು, ಪೂಜೆಗೆ ಆಗುತ್ತಿರಲಿಲ್ಲ. ಕನ್ನಡಿ ನೋಡಿಕೊಳ್ಳುವುದನ್ನೂ ಆಕೆ ಬಿಟ್ಟಿದ್ದಳು. ಅಲಗಿನ ಕೆಲಸ ಮುಗಿಯಿತೋ ಇಲ್ಲವೋ ಎಂದು ಪರೀಕ್ಷಿಸಲು ಮಾತ್ರ ಅದನ್ನು ಮುಖದ ಹತ್ತಿರ ತಂದು ನೋಡುತ್ತಿದ್ದಳು. "ಕಣ್ಣಿನ ರೆಪ್ಪಿ ಎಣಿಸಾಕ ಬರಬೇಕು, ಆವಾಗ ಮುಗದಂಗ" ಎನ್ನುತ್ತಿದ್ದಳು.

ಮಹಾನವಮಿಯ ಆಯುಧಗಳ ವೈಭವ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹಬ್ಬದಲ್ಲಿ ಸಾಲುಗಟ್ಟಿ ನಿಂತ ಸೈನ್ಯವನ್ನೂ ಅದರ ಆಯುಧ ಅಲಂಕಾರಗಳನ್ನೂ ಬೆರಗಾಗಿ ಬಣ್ಣಿಸಿದ್ದಾನೆ. ಅದನ್ನು ಓದುವಾಗ ನನಗೆ ಮೊದಲು ಬಂದ ಯೋಚನೆ, ಅಷ್ಟೊಂದು ಕಬ್ಬಿಣಕ್ಕೆ ಎಷ್ಟು ಜನ ಎಷ್ಟು ದಿನ ಬೂದಿ ಹಾಕಿ ತಿಕ್ಕಿರಬೇಕು ಎಂಬುದು.

ಆದರೆ ನಮ್ಮ ಜಿಲ್ಲೆಯ ಮಟ್ಟಿಗೆ ಈ ಕಥೆ ವಿಜಯನಗರಕ್ಕಿಂತ ಬಹಳ ಹಿಂದೆ ಹೋಗುತ್ತದೆ. ತುಂಗಭದ್ರೆಯ ದಂಡೆಯ ಮೇಲೆ, ಹಿಂದೆ ಹಿರೇಕೆರೂರು ತಾಲ್ಲೂಕಿನಲ್ಲಿದ್ದ ಹಳ್ಳೂರು ಎಂಬ ಊರಿದೆ. 1965ರ ಸುಮಾರಿಗೆ ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ಮಾಡಿದರು. ಕೆಳಗಿನ ಪದರಗಳಲ್ಲಿ ನವಶಿಲಾಯುಗದ ನಯಗೊಳಿಸಿದ ಕಲ್ಲಿನ ಕೊಡಲಿಗಳು. ಅದರ ಮೇಲೆ ಕಬ್ಬಿಣದ ಸಣ್ಣ ಆಯುಧಗಳು. ಆ ಕಬ್ಬಿಣಕ್ಕೆ ಸುಮಾರು 3000 ವರ್ಷ ವಯಸ್ಸೆಂದು ಇಂಗಾಲದ ಪರೀಕ್ಷೆಯಿಂದ ಲೆಕ್ಕ ಹಾಕಿದರು. ದಕ್ಷಿಣ ಭಾರತದ ಅತಿ ಹಳೆಯ ಕಬ್ಬಿಣದ ಮಾತು ಬಂದಾಗಲೆಲ್ಲ ಹಳ್ಳೂರಿನ ಹೆಸರು ಬರುವುದು ಇದರಿಂದಲೇ. ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಕೆಳಗಿನ ಪದರದ ಕಲ್ಲಿನ ಕೊಡಲಿ. ಅದನ್ನು ಒಡೆದು ಆಕಾರಕ್ಕೆ ತಂದ ಮೇಲೆ ಬಂಡೆಯ ಮೇಲೆ ಉಸುಕು, ನೀರು ಹಾಕಿ ತಿಕ್ಕಿ ತಿಕ್ಕಿ ನುಣ್ಣಗೆ ಮಾಡುತ್ತಿದ್ದರು. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನ ಬಂಡೆಗಳಲ್ಲಿ ಹಾಗೆ ತಿಕ್ಕಿ ಬಿದ್ದ ತಗ್ಗುಗಳನ್ನು ಇಂದಿಗೂ ನೋಡಬಹುದು. ಕಬ್ಬಿಣ ಬರುವ ಮೊದಲೇ ಉಜ್ಜುವ ವಿದ್ಯೆ ಇತ್ತು. ಕಲ್ಲಿನ ಮೇಲೆ ಕಲಿತದ್ದನ್ನು ಮನುಷ್ಯರು ಕಬ್ಬಿಣದ ಮೇಲೆ ಮುಂದುವರಿಸಿದರು. ಪಠ್ಯಪುಸ್ತಕದ ಚಿತ್ರಗಳಲ್ಲಿ ಈ ಕೆಲಸಕ್ಕೆ ಯಾವಾಗಲೂ ಗಡ್ಡದ ಗಂಡಸನ್ನೇ ಕೂರಿಸುತ್ತಾರೆ. ಬೀಸುವ, ಅರೆಯುವ, ತಿಕ್ಕುವ ಕೈಗಳ ಪರಿಚಯ ಚಿತ್ರಕಾರರಿಗೆ ಕಡಿಮೆ ಎಂದು ಕಾಣುತ್ತದೆ.

ಕಬ್ಬಿಣದಿಂದ ಉಕ್ಕಿಗೆ ಬಂದರೆ ಅಲ್ಲೂ ನಮ್ಮ ಭಾಷೆಯೇ ಎದುರಾಗುತ್ತದೆ. ನಮ್ಮಂಥವರಿಗೆ ಉಕ್ಕು ಎಂದರೆ ಮೊದಲು ನೆನಪಾಗುವುದು ಒಲೆಯ ಮೇಲಿನ ಹಾಲು. ಪಶ್ಚಿಮದ ಲೋಹಶಾಸ್ತ್ರಜ್ಞರಿಗೆ ನೆನಪಾಗುವುದು 'ವೂಟ್ಸ್'. ಆ ಹೆಸರು ನಮ್ಮ ಉಕ್ಕಿನಿಂದಲೇ ಬಂದಿತೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಮೇಲೆ ಪ್ರಬಂಧ ಓದಿದ. 1800ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳ ವರ್ಣನೆ ಬರೆದಿಟ್ಟ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನ ಜೊತೆ ಕಟ್ಟಿಗೆ, ಹಸಿ ಎಲೆ ಇಟ್ಟು ಬಾಯಿ ಮುಚ್ಚಿ ಕಾಯಿಸುತ್ತಿದ್ದರು. ಆ ಕಟ್ಟಿಗೆ ಸಾಮಾನ್ಯವಾಗಿ ತಂಗಡಿಯದು, ರಸ್ತೆಯ ಬದಿಯಲ್ಲಿ ಹಳದಿ ಹೂ ಬಿಡುವ ಆವರಿಕೆ ಗಿಡ. ಲಂಡನ್ನಿನಲ್ಲಿ ಚಾಕು ಮತ್ತು ಶಸ್ತ್ರಚಿಕಿತ್ಸೆಯ ಉಪಕರಣ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನು ಮೆಚ್ಚಿಕೊಂಡಿದ್ದ. ಕಮ್ಮಾರನ ಮಗನೇ ಆಗಿದ್ದ ಮೈಕೆಲ್ ಫ್ಯಾರಡೆಯ ಜೊತೆ ಸೇರಿ 1820ರ ಆಸುಪಾಸಿನಲ್ಲಿ ಅದರ ಗುಟ್ಟು ತಿಳಿಯಲು ಪ್ರಯೋಗಗಳನ್ನು ಮಾಡಿದ.

ಈ ಉಕ್ಕಿನಿಂದ ಮಾಡಿದ, ಡಮಾಸ್ಕಸ್ ಕತ್ತಿಗಳೆಂದು ಹೆಸರಾದ ಅಲಗುಗಳ ಮೈಮೇಲೆ ನೀರಿನ ಅಲೆಯಂಥ ಗೆರೆಗಳಿರುತ್ತವೆ. ಜಗತ್ತೆಲ್ಲ ಬೆರಗಾದದ್ದು ಆ ಅಲೆಗಳಿಗೆ. ಅವು ಕುಲುಮೆಯಿಂದ ಬಂದ ಅಲಗಿನಲ್ಲಿ ಕಾಣುವುದಿಲ್ಲ. ಹಂತ ಹಂತವಾಗಿ ಉಜ್ಜಿ, ಕನ್ನಡಿಯಂತೆ ನುಣ್ಣಗೆ ಮಾಡಿ, ಮೇಲೆ ಸ್ವಲ್ಪ ಹುಳಿ ಸವರಿದಾಗಷ್ಟೇ ಕಾಣಿಸಿಕೊಳ್ಳುತ್ತವೆ. ಉಜ್ಜುವವರು ಇಲ್ಲದಿದ್ದರೆ ಆ ಪ್ರಸಿದ್ಧ ಚೆಲುವು ಕಪ್ಪು ಪೊರೆಯ ಕೆಳಗೇ ಉಳಿಯುತ್ತಿತ್ತು.

ನಮ್ಮ ಹಳ್ಳಿಗಳ ಕಮ್ಮಾರ ಇಂಥ ಕತ್ತಿಗಳನ್ನು ಮಾಡುತ್ತಿರಲಿಲ್ಲ. ಅವನು ಆಯಗಾರ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಪಾಲಿನ ಕಾಳು ಒಯ್ಯುತ್ತಿದ್ದ, ವರ್ಷವಿಡೀ ರೈತನ ಕುಂಟೆ, ರಂಟೆ, ಕುಡುಗೋಲುಗಳನ್ನು ನೋಡಿಕೊಳ್ಳುತ್ತಿದ್ದ. ಒಕ್ಕಲುತನದ ಸಾಮಾನು ಮೊದಲು, ಅಡಿಗೆಮನೆಯದು ಆಮೇಲೆ. ಈಳಿಗೆಯನ್ನು ಬಡಿದು, ನೀರು ಕುಡಿಸಿ, ಬಾಯಿ ಬರುವಷ್ಟು ಅರ ಹಾಕಿ ಕೊಟ್ಟರೆ ಅವನ ಕೆಲಸ ಮುಗಿಯಿತು; ನುಣುಪು ಮನೆಯವರ ಪಾಲಿಗೆ. ಊರ ಕಮ್ಮಾರನಲ್ಲದೆ ಬೇಸಗೆಯಲ್ಲಿ ಘಿಸಾಡಿಗಳು ಬರುತ್ತಿದ್ದರು. ಊರ ಹೊರಗೆ ಬಯಲಲ್ಲಿ ತಿದಿ ಹೂಡಿ, ಇದ್ದಲಿ ಹೊತ್ತಿಸಿ ಕೂರುವ ಅಲೆಮಾರಿ ಕಮ್ಮಾರರು. ಆ ಹೆಸರೇ ಉಜ್ಜುವುದು ಎಂಬರ್ಥದ ಮರಾಠಿ ಮಾತಿನಿಂದ ಬಂದದ್ದೆಂದು ಹೇಳುತ್ತಾರೆ. ಅವರಲ್ಲಿ ಗಂಡಸು ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಕೂತರೆ, ನಿಂತು ಘನ ಎತ್ತಿ ಬಡಿಯುವವಳು ಹೆಂಗಸು. ಸೆರಗು ಸೊಂಟಕ್ಕೆ ಬಿಗಿದು, ಬದಿಯ ಜೋಳಿಗೆಯಲ್ಲಿ ಕೂಸು ಮಲಗಿಸಿ, ತಾಳ ತಪ್ಪದೆ ಬಡಿಯುತ್ತಿದ್ದುದನ್ನು ನಾವು ಹುಡುಗಿಯರು ಶಾಲೆ ಬಿಟ್ಟ ಮೇಲೆ ನಿಂತು ನೋಡುತ್ತಿದ್ದೆವು. ಕಬ್ಬಿಣದ ಕೆಲಸ ಗಂಡಸರದು ಎಂದು ಯಾರಾದರೂ ಹೇಳಿದರೆ ನನಗೆ ಆ ತೋಳುಗಳು ನೆನಪಾಗುತ್ತವೆ.

ನಮ್ಮಲ್ಲಿ ಮಾತ್ರ ಹೀಗೆ ಎಂದು ತಿಳಿಯಬೇಕಾಗಿಲ್ಲ. ಚಾಕುಗಳಿಗೆ ಲೋಕಪ್ರಸಿದ್ಧವಾದ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಸಾಣೆ ಹಿಡಿಯುವ ಗಂಡಸರು ಕಲ್ಲಿನ ಧೂಳು ಕುಡಿದು ಎದೆರೋಗದಿಂದ ಚಿಕ್ಕ ವಯಸ್ಸಿಗೇ ಸಾಯುತ್ತಿದ್ದರು. ಚಮಚ, ಮುಳ್ಳುಚಮಚಗಳಿಗೆ ಮೆರುಗು ಕೊಡುವ ಕೆಲಸ ಹೆಂಗಸರದು. ಅವರನ್ನು 'ಬಫರ್ ಗರ್ಲ್ಸ್' ಎನ್ನುತ್ತಿದ್ದರು. ತಿರುಗುವ ಚಕ್ರಕ್ಕೆ ಎಣ್ಣೆ ಬೆರೆಸಿದ ಉಸುಕು ಹಾಕಿ ಉಜ್ಜುವುದು. ಮೈಮೇಲೆ ಸಿಡಿಯುವ ಕೊಳೆಗೆ ತಲೆಗೊಂದು ಕೆಂಪು ವಸ್ತ್ರ, ಮೈಗೆ ಕಂದು ಕಾಗದ ಸುತ್ತಿಕೊಳ್ಳುವುದು. ಸಂಜೆಗೆ ಮುಖವೆಲ್ಲ ಕಪ್ಪು. ವಿಲಿಯಂ ರಾಥೆನ್‌ಸ್ಟೈನ್ ಎಂಬ ಚಿತ್ರಕಾರ 1919ರಲ್ಲಿ ಅವರ ಚಿತ್ರ ಬರೆದ. ಅಂಥ ಗೌರವ ನಮ್ಮ ಅತ್ತೆಯಂದಿರಿಗೆ ಸಿಗಲಿಲ್ಲ. ಆ ದೇಶದ ಮನೆಗಳಲ್ಲೂ ಊಟದ ಚಾಕುಗಳನ್ನು ಆಳುಗಳು ದಿನಾ ಇಟ್ಟಂಗಿ ಪುಡಿಯಿಂದಲೇ ಉಜ್ಜುತ್ತಿದ್ದರು. ಬ್ರಿಜ್‌ವಾಟರ್ ಎಂಬ ಊರಿನಲ್ಲಿ ಹೊಳೆಯ ಕೆಸರಿನಿಂದ ಅದಕ್ಕೆಂದೇ ಇಟ್ಟಂಗಿ ಸುಡುತ್ತಿದ್ದರು. ಬ್ಯಾಡಗಿಯ ಹಿತ್ತಲಿನಲ್ಲೂ ಬ್ರಿಟನ್ನಿನ ಅಡಿಗೆಮನೆಯಲ್ಲೂ ಉಪಾಯ ಒಂದೇ ಆಗಿತ್ತು.

ಇದಕ್ಕೆಲ್ಲ ಕೊನೆ ಬಂದದ್ದು 1913ರಲ್ಲಿ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ಒಳ್ಳೆಯ ಉಕ್ಕು ಹುಡುಕುತ್ತ, ಸುಮಾರು 13 ಭಾಗ ಕ್ರೋಮಿಯಂ ಬೆರೆಸಿದಾಗ ಅದಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದು ಕಂಡುಕೊಂಡ. ನಮ್ಮ ಊರುಗಳಿಗೆ ಸ್ಟೀಲು ಬರಲು ಇನ್ನೂ ಐವತ್ತು ಅರವತ್ತು ವರ್ಷ ಹಿಡಿಯಿತು. ಬಂದ ಮೇಲೆ ತಡವಾಗಲಿಲ್ಲ. ಹಳೆಯ ಜರಿ ಸೀರೆ, ತಾಮ್ರದ ಹಂಡೆ, ಕಬ್ಬಿಣದ ಬಾಣಲೆ ಕೊಟ್ಟು ಸ್ಟೀಲಿನ ಡಬ್ಬಿ ಇಸಿದುಕೊಳ್ಳುವ ಕಾಲ ಬಂತು. ನಾನು ಇದನ್ನು ಹಳಿಯಲಾರೆ. ದಿನಾ ಉಜ್ಜುವ ಕಷ್ಟದಿಂದ ಬಿಡುಗಡೆ ಸಿಕ್ಕ ಕೈಗಳು ಪುಸ್ತಕ ಹಿಡಿದವು, ನೌಕರಿ ಹಿಡಿದವು. ನನ್ನವೂ ಅವುಗಳಲ್ಲಿ ಸೇರಿವೆ. ಅಡಿಗೆ ಕಟ್ಟೆ ಎತ್ತರವಾಯಿತು, ನಿಂತು ಚಾಕುವಿನಲ್ಲಿ ಹೆಚ್ಚುವುದು ರೂಢಿಯಾಯಿತು, ಈಳಿಗೆ ಮೂಲೆ ಸೇರಿತು. ಒಂದು ದಿನ ಪಾತ್ರೆ ಮಾರುವವಳು ಅತ್ತೆಯ ಈಳಿಗೆಯನ್ನು ತಕ್ಕಡಿಗೆ ಹಾಕಿ, ಅದಕ್ಕೆ ಒಂದು ಲೋಟವೂ ಬರುವುದಿಲ್ಲವೆಂದಳು. ನನ್ನ ತಾಯಿ ಅದನ್ನು ತಕ್ಕಡಿಯಿಂದ ತೆಗೆದು ಒಳಗೆ ಒಯ್ದಳು.

ಆ ವರ್ಷದ ಖಂಡೆಪೂಜೆಯಲ್ಲಿ ಕುಂಕುಮದ ತಟ್ಟೆ ಹಿಡಿದುಕೊಂಡು ನನ್ನ ತಾಯಿ ಹಿತ್ತಲಿಗೇ ಹೋದಳು. "ವೈನಿ, ಉಜ್ಜಿದಾಕಿ ನೀವು. ನೀವ ಹಚ್ಚರಿ" ಎಂದಳು. ಅತ್ತೆ ಬೇಡವೆಂದಳು, ಊರ ಮಂದಿ ಏನಂದಾರು ಎಂದಳು. "ಊರ ಮಂದಿ ಉಜ್ಜಾಕ ಬಂದಿದ್ರೇನು?" ಎಂದು ಕೇಳಿದಳು ನನ್ನ ತಾಯಿ. ಅಷ್ಟು ಜೋರಾಗಿ ಆಕೆ ಮಾತಾಡಿದ್ದು ನಾನು ಕೇಳಿದ್ದು ಕಡಿಮೆ. ಅತ್ತೆ ಒಳಗೆ ಬಂದು ಈಳಿಗೆಗೊಂದು ಬೊಟ್ಟು ಹಚ್ಚಿದಳು. ಅಪ್ಪ ಒಂದು ಮಾತೂ ಆಡದೆ ಕಾಯಿ ಒಡೆದರು. ಮುಂದಿನ ವರ್ಷದಿಂದ ಅದು ನಮ್ಮ ಮನೆಯ ಪದ್ಧತಿಯಾಯಿತು: ಯಾರು ಉಜ್ಜುತ್ತಾರೋ ಅವರೇ ಕುಂಕುಮ ಹಚ್ಚಬೇಕು.

ಕಬ್ಬಿಣದ ಅಲಗುಗಳು ನಮ್ಮ ಕಡೆ ಪೂರ್ತಿ ಹೋಗಿಲ್ಲ. ರಾಣೆಬೆನ್ನೂರಿನ ಸುತ್ತ ಉಳ್ಳಾಗಡ್ಡಿ ಕೀಳುವ ಕಾಲಕ್ಕೆ ಹೊಲದ ಬದುವಿನಲ್ಲಿ ಹೆಂಗಸರು ಸಾಲಾಗಿ ಕೂತು ಅದರ ತಪ್ಪಲು ಕೊಯ್ಯುತ್ತಾರೆ. ಉಳ್ಳಾಗಡ್ಡಿಯ ರಸಕ್ಕೆ ಅಲಗು ಸಂಜೆಯೊಳಗೆ ಕರ್ರಗಾಗುತ್ತದೆ. ಮನೆಗೆ ಹೊರಡುವ ಮುನ್ನ ಮಣ್ಣು ಹಾಕಿ ತಿಕ್ಕುತ್ತಾರೆ. ಹೆದ್ದಾರಿಯ ಗ್ಯಾರೇಜುಗಳಲ್ಲಿ ಸಿಗುವ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆಯ ಅಲಗು ಮಾಡುವ ಕಮ್ಮಾರರೂ ಇದ್ದಾರೆ. ಮನೆಯಲ್ಲಿ ಅಂಥ ಹಳೆಯ ಚಾಕುವೋ ಈಳಿಗೆಯೋ ಇದ್ದರೆ ಉಜ್ಜಿ ನೋಡಿ. ಈಗ ಇಟ್ಟಂಗಿ ಕುಟ್ಟಬೇಕಾಗಿಲ್ಲ. ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನಯವಾದ ಕಾರ್ಬೊರಂಡಂ ಕಲ್ಲು ಸಿಗುತ್ತದೆ. ಆ ಹೆಸರಿನ ಬಾಲದಲ್ಲಿರುವ ಕುರಂಡಂ ನಮ್ಮ ಸಾಣೆಗಾರರ ಕುರುವಿಂದ ಕಲ್ಲಿನ ಹೆಸರೇ. ನೀರಿನಲ್ಲಿ ಬಳಸುವ ಪಾಲಿಶ್ ಪೇಪರನ್ನು 220, 400, 600, 1000 ನಂಬರಿನ ಕ್ರಮದಲ್ಲಿ ತಂದು, ಚಪ್ಪಟೆ ಮರದ ತುಂಡಿಗೆ ಸುತ್ತಿ ಉಜ್ಜಿದರೆ ಸಾಕು. ಒಂದು ನಂಬರು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಕರೆಂಟಿನ ಸಾಣೆಚಕ್ರಕ್ಕೆ ಒಯ್ದು ಅವಸರ ಮಾಡಬೇಡಿ. ಒಣ ಚಕ್ರದ ಬಿಸಿಗೆ ಅಂಚು ನೀಲಿಗಟ್ಟಿದರೆ ಅಲ್ಲಿಯ ಬಿಸಿ ಸುಮಾರು 300 ಡಿಗ್ರಿ ಮುಟ್ಟಿದೆ ಎಂದು ತಿಳಿಯಬೇಕು. ಕಮ್ಮಾರ ಕೊಟ್ಟ ಹದ ಅಲ್ಲಿಗೆ ಹೋಯಿತು. ಕೈಯಿಂದ ಉಜ್ಜಿದರೆ ಹದ ಕೆಡುವ ಭಯವಿಲ್ಲ. ತಡವಾಗುತ್ತದೆ, ಅಷ್ಟೇ.

ಉಜ್ಜಿ ಮುಗಿಸಿದ ಮೇಲೆ ಎಣ್ಣೆ ಸವರುವುದನ್ನು ಮರೆಯಬೇಡಿ. ಅದಕ್ಕೂ ಮೊದಲು ಅಲಗನ್ನು ಒಮ್ಮೆ ಬೆಳಕಿಗೆ ಹಿಡಿದು ಮುಖ ನೋಡಿಕೊಳ್ಳಿ. ಕಣ್ಣಿನ ರೆಪ್ಪೆ ಎಣಿಸಲು ಬಂದರೆ ಕೆಲಸ ಮುಗಿದಂತೆ.